ಬಯಲುಸೀಮೆಯ ಮಕ್ಕಳೂ ಹೊನ್ನಾವರದ ಕಡಲೂ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಹಿರಿಯರ ಮಾತನ್ನು ತಲೆಬರಹವಾಗಿ ಹೊತ್ತುಕೊಳ್ಳದ ಶಾಲಾ ಪ್ರವಾಸದ ಸುತ್ತೋಲೆ ಈ ನಾಡಿನಲ್ಲಿ ವಿರಳ. ದೀಪಾವಳಿ ಕಳೆದು ಚಳಿ ಕಾಲಿಡುತ್ತಲೇ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪ್ರೌಢಶಾಲೆಗಳಲ್ಲಿ ಆ ಸುತ್ತೋಲೆ ತರಗತಿಯಿಂದ ತರಗತಿಗೆ ಸಂಚರಿಸುತ್ತದೆ. ನೋಡುವ ಸ್ಥಳಗಳು: ಜೋಗ, ಇಡಗುಂಜಿ, ಹೊನ್ನಾವರ, ಮುರುಡೇಶ್ವರ, ಕಾಲ ಅನುಕೂಲಿಸಿದರೆ ಗೋಕರ್ಣ. ಅವಧಿ: ಒಂದು ದಿನ.

ಈ ‘ಒಂದು ದಿನ’ವನ್ನು ಗಣಿತದ ಅಧ್ಯಾಪಕರು ಒಮ್ಮೆ ಕಪ್ಪುಹಲಗೆಯ ಮೇಲೆ ಲೆಕ್ಕಹಾಕಿ ತೋರಿಸುವುದು ಉಚಿತ. ಚಿತ್ರದುರ್ಗದಿಂದ ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ, ಸಾಗರಗಳನ್ನು ಹಾದು, ಗೇರುಸೊಪ್ಪೆಯ ಘಟ್ಟವನ್ನಿಳಿದು ಹೊನ್ನಾವರವನ್ನು ಸೇರಲು ಸುಮಾರು 270 ಕಿಲೋಮೀಟರು ಕ್ರಮಿಸಬೇಕು. ಹಿರಿಯೂರಿನವರು ಇದಕ್ಕೆ ಇನ್ನೂ 40 ಕಿಲೋಮೀಟರು ಕೂಡಿಸಿಕೊಳ್ಳಬೇಕು. ಹೋಗಿ ಬರುವ ಹಾದಿಗೇ 13ರಿಂದ 14 ಗಂಟೆ ಬೇಕು. ಊಟ ಉಪಾಹಾರಗಳಿಗೆ, ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡ ಮಕ್ಕಳ ಉಪಚಾರಕ್ಕೆ, ಹಿಂದುಳಿದವರನ್ನು ಹುಡುಕುವುದಕ್ಕೆ ಮೂರು ಗಂಟೆ. ಉಳಿದುದನ್ನು ಐದು ಸ್ಥಳಗಳಿಗೆ ಹಂಚಿದರೆ ಒಂದೊಂದಕ್ಕೆ ದಕ್ಕುವುದೆಷ್ಟು? ಅದಕ್ಕಾಗಿಯೇ ಬಸ್ಸು ನಡುರಾತ್ರಿ ಹೊರಡುತ್ತದೆ, ಮರುರಾತ್ರಿ ಹಿಂದಿರುಗುತ್ತದೆ. ನಡುವಿನ ಹಗಲಿನಲ್ಲಿ ಮಕ್ಕಳು ನಿದ್ರೆಗೆಟ್ಟ ಕಣ್ಣುಗಳಿಂದ ನಾಡಿನ ಸೊಬಗನ್ನು ನೋಡುತ್ತಾರೆ.

ಪ್ರವಾಸದ ಮರುವಾರ ಕನ್ನಡದ ಅಧ್ಯಾಪಕರು ಪ್ರಬಂಧ ಬರೆಸುತ್ತಾರೆ. ವಿದ್ಯಾರ್ಥಿಯ ಪ್ರಬಂಧದಲ್ಲಿ ಮೊದಲ ಪುಟ ಬಸ್ಸಿನ ಹಾಡು ಕುಣಿತಗಳಿಗೆ, ಎರಡನೆಯದು ಪುಳಿಯೋಗರೆ ಚಿತ್ರಾನ್ನಗಳಿಗೆ ಮೀಸಲು. ಕಡಲಿಗೆ ನಾಲ್ಕು ಸಾಲು. ‘ಸಮುದ್ರವು ಬಹಳ ದೊಡ್ಡದಾಗಿತ್ತು’ ಎಂಬುದು ಅವುಗಳಲ್ಲೊಂದು. ಕಾಗುಣಿತ ತಿದ್ದಿ ಹತ್ತಕ್ಕೆ ಆರು ಅಂಕ ಕೊಡಲಾಗುತ್ತದೆ. ಇದರಲ್ಲಿ ಆ ವಿದ್ಯಾರ್ಥಿಯ ತಪ್ಪೇನೂ ಇಲ್ಲ. ಅವನಿಗೆ ತೋರಿಸಿದ್ದು ಅಷ್ಟೇ. ತೋರಿಸಿದ್ದನ್ನು ಅವನು ಪ್ರಾಮಾಣಿಕವಾಗಿ ಬರೆದಿದ್ದಾನೆ.

ಈ ಸೀಮೆಯ ಬಾಲಕ ಬಾಲಕಿಯರಿಗೆ ದೊಡ್ಡ ನೀರೆಂದರೆ ಮಾರಿಕಣಿವೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರವು 1933ರಲ್ಲಿ ಒಮ್ಮೆ ಕೋಡಿ ಹರಿದು, ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು. ಎರಡು ತಲೆಮಾರುಗಳು ಆ ಕೋಡಿಯನ್ನು ಅಜ್ಜಂದಿರ ಬಾಯಿಂದ ಕೇಳಿದುವೇ ಹೊರತು ಕಣ್ಣಾರೆ ಕಾಣಲಿಲ್ಲ. ನೀರು ಬರುವುದಕ್ಕಾಗಿ 89 ವರ್ಷ ಕಾದ ಸೀಮೆಯ ಮಕ್ಕಳು, ಯಾರು ಕಾದರೂ ಕಾಯದಿದ್ದರೂ ದಿನಕ್ಕೆರಡು ಬಾರಿ ದಡವೇರಿ ಬರುವ ನೀರನ್ನು ಮೊದಲ ಸಲ ಕಾಣುವ ಗಳಿಗೆ ಸಾಮಾನ್ಯವಾದುದಲ್ಲ. ಅದನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಸೀಟಿ ಊದಿ ಬಸ್ಸು ಹತ್ತಿಸುವುದು ಅನ್ಯಾಯವೇ ಸರಿ.

ಈಚೆಗೆ ಈ ವಿಷಯಕ್ಕೆ ಇನ್ನೊಂದು ಮುಖ ಮೂಡಿದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಅಸುನೀಗಿದರು. ಆ ತೀರವನ್ನು ಕೆಲವು ದಿನ ಪ್ರವಾಸಿಗರಿಗೆ ಮುಚ್ಚಲಾಯಿತು. ಅಂದಿನಿಂದ ಅನೇಕ ಶಾಲೆಗಳಲ್ಲಿ ಕಡಲೆಂಬ ಶಬ್ದವೇ ಸುತ್ತೋಲೆಯಿಂದ ಮಾಯವಾಗಿದೆ. ‘ಜೋಗ ತೋರಿಸಿ ಹಿಂದಕ್ಕೆ ಕರೆತನ್ನಿ, ಸಾಕು’ ಎನ್ನುವ ತಂದೆತಾಯಿಗಳಿದ್ದಾರೆ. ಅವರ ಭಯವನ್ನು ಯಾರೂ ಹಗುರವಾಗಿ ಕಾಣಲಾಗದು. ಹೆತ್ತವರು ಮಗಳನ್ನು ಬಸ್ಸು ಹತ್ತಿಸುವಾಗ ಶಾಲೆಯ ಕೈಗೆ ಒಪ್ಪಿಸುವುದು ಪ್ರಾಣವನ್ನು.

ಆದರೂ ಕಡಲನ್ನು ಪಟ್ಟಿಯಿಂದ ಹೊಡೆದುಹಾಕುವುದು ಪರಿಹಾರವಲ್ಲ. ಶಾಲೆ ಕರೆದೊಯ್ಯದಿದ್ದರೆ ಆ ಹುಡುಗರು ಕಾಲೇಜು ಸೇರಿದ ಮೇಲೆ ಗೆಳೆಯರೊಡನೆ ತಾವಾಗಿಯೇ ಹೋಗುತ್ತಾರೆ. ಆಗ ಹೇಳುವವರು ಇರುವುದಿಲ್ಲ. ಕಡಲ ಗುಣವನ್ನು ತಿಳಿದವರ ಬಳಿ ನಿಂತು ಕಲಿಯುವ ಅವಕಾಶ ಬಾಲ್ಯದಲ್ಲಿ ಒಮ್ಮೆಯಾದರೂ ಒದಗಬೇಕು.

ಬಯಲುಸೀಮೆಯ ಮಕ್ಕಳಿಗೆ ಈ ತಿಳಿವಳಿಕೆ ಕರಾವಳಿಯ ಮಕ್ಕಳಿಗಿಂತ ಹೆಚ್ಚಾಗಿ ಬೇಕು. ಇವರು ಈಜು ಕಲಿಯುವುದು ತೋಟದ ಬಾವಿಯಲ್ಲಿ, ಊರ ಕೆರೆಯಲ್ಲಿ. ಅಲ್ಲಿ ನೀರು ಅಲುಗದೆ ನಿಂತಿದ್ದರೆ ಭಯವಿಲ್ಲ. ಹರಿದರೆ, ಸುಳಿ ಎದ್ದರೆ ಭಯ. ಕಡಲಿನಲ್ಲಿ ಈ ಪಾಠ ಬಹುಮಟ್ಟಿಗೆ ತಿರುವುಮುರುವಾಗುತ್ತದೆ. ಸಾಲುಸಾಲಾಗಿ ದಡಕ್ಕೆ ಬಡಿದ ಅಲೆಗಳ ನೀರು ಹಿಂದಿರುಗಲು ಒಂದು ದಾರಿ ಬೇಕಷ್ಟೆ. ಮರಳದಿಬ್ಬಗಳ ನಡುವೆ ತಗ್ಗಾದ ಒಂದು ಕಿರಿದಾದ ಓಣಿಯನ್ನು ಹಿಡಿದು ಅದು ವೇಗವಾಗಿ ಒಳಗಡಲಿಗೆ ಹರಿಯುತ್ತದೆ. ಆ ಓಣಿಯ ಮೇಲೆ ಅಲೆಗಳು ಒಡೆಯುವುದು ಕಡಿಮೆ, ನೊರೆ ಕಾಣುವುದಿಲ್ಲ. ಅಕ್ಕಪಕ್ಕದಲ್ಲಿ ಅಲೆ ಅಬ್ಬರಿಸುತ್ತಿರುವಾಗ ಅದೊಂದೇ ಜಾಗ ಕೆರೆಯಂತೆ ಶಾಂತವಾಗಿ ತೋರುತ್ತದೆ. ಕೆರೆಯನ್ನೇ ಬಲ್ಲ ಮಗು ಇಳಿಯುವುದು ಅಲ್ಲಿಯೇ. ಸೆಳವಿಗೆ ಸಿಕ್ಕವನು ದಡವನ್ನು ನೋಡುತ್ತ ನೇರವಾಗಿ ಈಜಿದಷ್ಟೂ ಬಳಲುತ್ತಾನೆ. ದಡದ ಉದ್ದಕ್ಕೆ ಸಮಾನಾಂತರವಾಗಿ ಈಜಿ ಆ ಓಣಿಯಿಂದ ಹೊರಬಂದ ಬಳಿಕವೇ ದಡದತ್ತ ತಿರುಗಬೇಕು. ಈ ಐದು ನಿಮಿಷದ ಪಾಠವನ್ನು ಹೊರಡುವ ಮೊದಲು ಎಷ್ಟು ಶಾಲೆಗಳಲ್ಲಿ ಹೇಳಿಕೊಡಲಾಗುತ್ತದೆ? ಚಿತ್ರ ಬರೆದು ತೋರಿಸಲು ಒಂದು ಸೀಮೆಸುಣ್ಣ ಸಾಕು. ಅಷ್ಟಾದರೂ ಶಾಲಾಮಕ್ಕಳು ಮೊಣಕಾಲು ಮೀರಿದ ನೀರಿಗೆ ಇಳಿಯಕೂಡದೆಂಬ ನಿಯಮವನ್ನು ಸಡಿಲಿಸಬೇಕಾಗಿಲ್ಲ. ಪಾಠವಿರುವುದು ತಿಳಿವಿಗೆ, ನಿಯಮವಿರುವುದು ರಕ್ಷಣೆಗೆ.

ಇನ್ನು ಐದು ಊರುಗಳ ಬದಲಿಗೆ ಒಂದನ್ನೇ ಆರಿಸಬೇಕಾದರೆ ಅದು ಹೊನ್ನಾವರವಾಗಲಿ. ಜನಜಂಗುಳಿಯಿಲ್ಲದ, ಬೃಹತ್ ಮೂರ್ತಿಯಿಲ್ಲದ, ಭಾವಚಿತ್ರ ತೆಗೆಸಿಕೊಳ್ಳಲು ಯಾರೂ ಓಡಿ ಬರದ ಊರು ಅದು. ಹೆಚ್ಚಿನ ಪ್ರವಾಸಿಗಳು ಅಲ್ಲಿ ಇಳಿಯುವುದು ಚಹಾ ಕುಡಿಯಲು. ಆದರೆ ಶಾಲೆಯಲ್ಲಿ ಕಲಿಯುವ ಮಗುವಿಗೆ ತೋರಿಸಬೇಕಾದ ಸಂಗತಿಗಳು ಈ ಒಂದು ಊರಿನಲ್ಲಿರುವಷ್ಟು ಬೇರೆ ಕಡೆ ಒಟ್ಟಾಗಿ ಸಿಗುವುದು ಕಷ್ಟ.

ಕ್ರಿ.ಶ. 1342ರ ಸುಮಾರಿಗೆ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಈ ರೇವಿಗೆ ಬಂದಿದ್ದನು. ಲೋಕದ ಬಹುಭಾಗವನ್ನು ಸುತ್ತಿದ ಈತ ಹೊನ್ನಾವರದ ಬಗ್ಗೆ ಬರೆಯುವಾಗ ಎಣಿಸಿದ್ದು ಹಡಗುಗಳನ್ನಲ್ಲ, ಶಾಲೆಗಳನ್ನು. ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳು ಅಲ್ಲಿದ್ದುವೆಂದೂ ಇಂಥದನ್ನು ತಾನು ಬೇರೆಲ್ಲಿಯೂ ಕಂಡಿಲ್ಲವೆಂದೂ ಆತ ದಾಖಲಿಸಿದ್ದಾನೆ. ಆರುನೂರ ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಹೆಣ್ಣುಮಕ್ಕಳ ಹದಿಮೂರು ಶಾಲೆಗಳಿದ್ದ ಊರಿನಲ್ಲಿ ನಿಂತು, ತನ್ನ ಅಜ್ಜಿಗೆ ಓದು ಬರುತ್ತಿತ್ತೇ ಎಂದು ಹೊಸದುರ್ಗದ ಹಳ್ಳಿಯ ಹುಡುಗಿಯೊಬ್ಬಳು ಯೋಚಿಸಿದರೆ, ಆ ಪ್ರವಾಸದ ಖರ್ಚು ಅಲ್ಲಿಗೆ ತೀರಿದಂತೆ.

ಇದಕ್ಕಿಂತಲೂ ಹತ್ತಿರವಾದ ಸಂಗತಿ ಇನ್ನೊಂದುಂಟು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ, ಕೆಳದಿಯ ವೆಂಕಟಪ್ಪನಾಯಕನ ಬಳಿಗೆ ಹೊರಟ ಪೋರ್ಚುಗೀಸರ ರಾಯಭಾರಿಯ ಪರಿವಾರದಲ್ಲಿ ಸೇರಿ, ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೂ ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೂ ಪಯಣಿಸಿದನು. ಶಾಲೆಯ ಬಸ್ಸು ಇಳಿಯುವ ಸೀಮೆಯನ್ನೇ ಆತ ಏರಿ ಬಂದನೆನ್ನಬಹುದು. ಹಾದಿಯಲ್ಲಿ ಗುಡಿಯೊಂದರ ಮೊಗಸಾಲೆಯಲ್ಲಿ ಅವನು ಕಂಡ ನೋಟವನ್ನು ಇತಿಹಾಸಕಾರರು ಆಗಾಗ ಉಲ್ಲೇಖಿಸುತ್ತಾರೆ. ಶಾಲಾ ಅಧ್ಯಾಪಕರ ಬಾಯಲ್ಲಿ ಅದು ಬರುವುದು ಕಡಿಮೆ. ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿಕೊಂಡು ಲೆಕ್ಕ ಕಲಿಯುತ್ತಿದ್ದರು. ಒಬ್ಬನು ರಾಗವಾಗಿ ಪಾಠ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಅಂಕಿಯನ್ನು ಬರೆಯುವನು. ಉಳಿದವರು ಹಾಗೆಯೇ ಹಾಡಿ ಹಾಗೆಯೇ ಬರೆಯುವರು. ಜಾಗ ತುಂಬಿದರೆ ಮೇಲೆ ಹೊಸ ಮರಳು ಎರಚಿಕೊಳ್ಳುವರು. ಗುರುಗಳು ಅಲ್ಲಿರಲಿಲ್ಲ. ಪಾಠ ಮರೆತರೆ ತಿದ್ದುವವರಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೇ ಮರೆಯುವುದು ಸಾಧ್ಯವಿಲ್ಲ, ಒಬ್ಬರು ಮರೆತುದನ್ನು ಮತ್ತೊಬ್ಬರು ನೆನಪಿಸುತ್ತೇವೆ ಎಂಬ ಅರ್ಥದ ಉತ್ತರ ಬಂದಿತು. ಆ ಮಕ್ಕಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ಹದಿನೇಳನೆಯ ಶತಮಾನದ ಕನ್ನಡ ನಾಡಿನ ಸಾಮಾನ್ಯ ಮಕ್ಕಳ ಮಾತು ಇಷ್ಟು ಸ್ಪಷ್ಟವಾಗಿ ಕೇಳುವ ಸಂದರ್ಭಗಳು ಎಷ್ಟಿವೆ? ಘಟ್ಟದ ತಿರುವುಗಳಲ್ಲಿ ಬಸ್ಸು ಇಳಿಯುವಾಗ ಧ್ವನಿವರ್ಧಕದ ಹಾಡನ್ನು ಹತ್ತು ನಿಮಿಷ ನಿಲ್ಲಿಸಿ ಈ ಕಥೆಯನ್ನು ಹೇಳಬಹುದು.

ಕೆಳದಿಯ ಕಥೆಯೂ ದುರ್ಗದ ಮಕ್ಕಳಿಗೆ ಪರಕೀಯವಲ್ಲ. ವೀರಶೈವ ಅರಸರಾದ ಕೆಳದಿಯ ನಾಯಕರು ಮಲೆನಾಡಿನಿಂದ ಇಳಿದು ಕರಾವಳಿಯನ್ನು ಆಳಿದರು. 1650ರ ದಶಕದಲ್ಲಿ ಶಿವಪ್ಪನಾಯಕನು ಹೊನ್ನಾವರವನ್ನು ಪೋರ್ಚುಗೀಸರಿಂದ ಕಿತ್ತುಕೊಂಡನು. ಊರಿನ ಸಮೀಪ ಕಡಲ ನಡುವೆ ಕಾಣುವ ಕೋಟೆಯ ದ್ವೀಪಕ್ಕೆ ಇಂದಿಗೂ ಬಸವರಾಜದುರ್ಗವೆಂದೇ ಹೆಸರು. ಏಳು ಸುತ್ತಿನ ಕೋಟೆಯ ಊರಿನಿಂದ ಬಂದ ಮಗುವಿಗೆ ನೀರೇ ಸುತ್ತಾಗಿರುವ ಕೋಟೆಯೊಂದನ್ನು ತೋರಿಸಿದರೆ ಸಾಕು, ಉಳಿದ ಹೋಲಿಕೆಯನ್ನು ಅದೇ ಮಾಡಿಕೊಳ್ಳುತ್ತದೆ. 1748ರ ಮಾಯಕೊಂಡದ ಕದನದಲ್ಲಿ ದುರ್ಗದ ನಾಯಕನ ವಿರುದ್ಧ ನಿಂತ ಕೂಟದಲ್ಲಿ ಬಿದನೂರಿನವರೂ ಇದ್ದರು. ಹೀಗೆ ಕಾದಾಡಿದ ಎರಡು ಮನೆತನಗಳನ್ನೂ ಒಬ್ಬನೇ ನುಂಗಿದನು: ಹೈದರಾಲಿಗೆ ಬಿದನೂರು 1763ರಲ್ಲಿಯೂ ಚಿತ್ರದುರ್ಗ 1779ರಲ್ಲಿಯೂ ವಶವಾದುವು. ಪಠ್ಯಪುಸ್ತಕದಲ್ಲಿ ಇವು ಬೇರೆಬೇರೆ ಅಧ್ಯಾಯಗಳು. ರಸ್ತೆಯ ಮೇಲೆ ಒಂದೇ ಕಥೆ.

ಕಡಲಿನ ಪಾಠ ಕಡಲಿನ ದಡದಲ್ಲಿಯೇ ಆರಂಭವಾಗಬೇಕೆಂಬ ನಿಯಮವೂ ಇಲ್ಲ. ಅದನ್ನು ಚಿತ್ರದುರ್ಗದ ಬೆಟ್ಟದ ಬುಡದಲ್ಲಿಯೇ, ಚಂದ್ರವಳ್ಳಿಯಲ್ಲಿ ಆರಂಭಿಸಬಹುದು. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದ ಈ ನೆಲೆಯಲ್ಲಿ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ದೊರೆತಿವೆ. ಎರಡು ಸಾವಿರ ವರ್ಷಗಳ ಹಿಂದೆ ಆ ಬೆಳ್ಳಿ ಕಡಲು ದಾಟಿ, ಘಟ್ಟ ಹತ್ತಿ, ಎತ್ತಿನ ಮೇಲೋ ಕತ್ತೆಯ ಮೇಲೋ ದುರ್ಗದವರೆಗೆ ಬಂದಿತು. ಅದೇ ಜಾಗದ ಬಂಡೆಯ ಮೇಲೆ ಬನವಾಸಿಯ ಕದಂಬ ಮಯೂರಶರ್ಮನು ಕೆರೆಯೊಂದರ ಕೆಲಸವನ್ನು ದಾಖಲಿಸಿದ್ದಾನೆ. ಪ್ರವಾಸಕ್ಕೆ ಒಂದು ವಾರ ಮುಂಚೆ ಮಕ್ಕಳನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ, ಈ ನಾಣ್ಯ ಯಾವ ದಿಕ್ಕಿನಿಂದ ಬಂದಿತೆಂಬ ಪ್ರಶ್ನೆಯನ್ನು ಅವರ ಕೈಗೆ ಕೊಟ್ಟು ಕಳುಹಿಸಬಹುದು. ಪ್ರಶ್ನೆಯೊಂದಿಗೆ ಹೊರಟ ಮಗು ಬಸ್ಸಿನಲ್ಲಿ ನಿದ್ರಿಸಿದರೂ ಹೊನ್ನಾವರದಲ್ಲಿ ಎಚ್ಚರವಾಗಿರುತ್ತದೆ.

ಭೂಗೋಳದ ಅಧ್ಯಾಪಕರಿಗೆ ಇದಕ್ಕಿಂತ ಸುಲಭವಾದ ಅನುಕೂಲವಿದೆ. ಜೋಗಿಮಟ್ಟಿಯ ಸಾಲಿನ ಮೇಲೆ ಮಳೆಗಾಲದಲ್ಲಿ ಗಾಳಿಯಂತ್ರಗಳನ್ನು ಭರದಿಂದ ತಿರುಗಿಸುವ ಗಾಳಿ ಅರಬ್ಬೀ ಸಮುದ್ರದಿಂದ ಬರುವುದು. ಅದು ತನ್ನ ನೀರನ್ನೆಲ್ಲ ಹೊನ್ನಾವರದ ತೀರಕ್ಕೂ ಗೇರುಸೊಪ್ಪೆಯ ಕಾಡಿಗೂ ಸುರಿದು, ಕೊಡ ಬರಿದು ಮಾಡಿಕೊಂಡು ದುರ್ಗಕ್ಕೆ ತಲಪುತ್ತದೆ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ; ಇಲ್ಲಿ ಅದರ ಐದನೆಯ ಒಂದು ಪಾಲು ಬಂದರೆ ಒಳ್ಳೆಯ ವರ್ಷ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರು ಧುಮುಕಿ, ಸುಮಾರು 128 ಕಿಲೋಮೀಟರಿನಲ್ಲಿಯೇ ತನ್ನ ಬಾಳನ್ನು ಮುಗಿಸಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ವೇದಾವತಿಯ ನೀರಾದರೋ ಮಾರಿಕಣಿವೆಯಲ್ಲಿ ತಂಗಿ, ಹಗರಿಯೆಂಬ ಹೆಸರು ಹೊತ್ತು ತುಂಗಭದ್ರೆಗೆ ಕೂಡಿ, ಕೃಷ್ಣೆಯ ಜೊತೆ ಬಂಗಾಳಕೊಲ್ಲಿಯವರೆಗೆ ನಡೆಯಬೇಕು. ಸಾಗರದ ಹಾದಿಯಲ್ಲಿ ಈ ನೀರ್ದಾರಿಗಳನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರೆ ತರಗತಿಯಲ್ಲಿ ಒಂದು ವಾರ ಕೊರೆದರೂ ಹತ್ತದ ವಿಷಯ ಹತ್ತುತ್ತದೆ.

ಊರಿನಲ್ಲಿ ಮಾಡಬೇಕಾದುದು ಹೆಚ್ಚೇನಿಲ್ಲ. ಬೆಳಿಗ್ಗೆ ಅಳಿವೆಯ ದಡದಲ್ಲಿ ಒಂದು ಗೂಟ ನೆಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಬೇಕು. ಮಧ್ಯಾಹ್ನ ಹಿಂದಿರುಗಿ ನೋಡಬೇಕು. ಉಬ್ಬರವಿಳಿತವನ್ನು ಪುಸ್ತಕದಲ್ಲಿ ಬಾಯಿಪಾಠ ಮಾಡಿದವರು ಆ ಗೂಟದ ಮುಂದೆ ಮಾತಿಲ್ಲದೆ ನಿಲ್ಲುತ್ತಾರೆ. ಕಾಂಡ್ಲಾ ಕಾಡಿನ ನಡುವಿನ ಕಾಲುಹಾದಿಯಲ್ಲಿ ನಡೆದು, ಉಪ್ಪುನೀರಿನಲ್ಲಿ ಬೇರೂರಿ ಬದುಕುವ ಗಿಡಗಳನ್ನು ಕಾಣಬೇಕು. ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾಗಿ ಚಾಚಿರುವ ಕೊಂಕಣ ರೈಲ್ವೆಯ ಸೇತುವೆಯ ಮೇಲೆ ಗಾಡಿಯೊಂದು ಹಾಯುವವರೆಗೆ ಕಾಯಬೇಕು. ಮೀನು ಇಳಿಸುವ ಧಕ್ಕೆಯಲ್ಲಿ, ವಾಸನೆಗೆ ಮೂಗು ಮುಚ್ಚದೆ ಅರ್ಧ ಗಂಟೆ ನಿಂತು ದುಡಿಯುವವರನ್ನು ನೋಡಬೇಕು. ಸಸ್ಯಾಹಾರದ ಮನೆಗಳಿಂದ ಬಂದ ಮಕ್ಕಳು ಅಲ್ಲಿ ಮುಖ ಸಿಂಡರಿಸುವುದುಂಟು. ಕೆಲವೊಮ್ಮೆ ಅಧ್ಯಾಪಕರೇ ಅದಕ್ಕೆ ಮೇಲ್ಪಂಕ್ತಿ ಹಾಕುವುದುಂಟು. ಕಾಯಕವನ್ನು ವೇದಿಕೆಯ ಮೇಲೆ ಹೊಗಳುವ ಶಾಲೆಗಳಿಗೆ ಇದು ಶೋಭಿಸದು. ನಸುಕಿಗೆ ಮುನ್ನ ಕಡಲಿಗಿಳಿದವರ ಕೈಯ ಬೊಕ್ಕೆಗಳನ್ನು ಕಂಡ ಮಗು, ಶೇಂಗಾ ಬಿಡಿಸುವ ತನ್ನ ತಾಯಿಯ ಕೈಗಳನ್ನು ನೆನೆಯದಿರಲಾರದು.

ತೀರದ ನಿಯಮಗಳ ವಿಷಯದಲ್ಲಿಯೂ ಆ ನಾಲ್ವರು ಹುಡುಗರ ಪದ್ಧತಿ ಉಪಯೋಗಕ್ಕೆ ಬರುತ್ತದೆ. ಐವತ್ತು ತಲೆಗಳನ್ನು ಇಬ್ಬರು ಅಧ್ಯಾಪಕರು ಎಣಿಸುವುದು ನೆಚ್ಚತಕ್ಕ ಏರ್ಪಾಡಲ್ಲ. ಮಕ್ಕಳನ್ನು ನಾಲ್ವರ ಗುಂಪುಗಳಾಗಿ ಮಾಡಿ, ಒಬ್ಬರು ಕಾಣದಾದ ಕ್ಷಣವೇ ಉಳಿದ ಮೂವರು ಕೂಗಬೇಕೆಂದು ಕಲಿಸಿದರೆ, ಎಣಿಕೆ ಸದಾ ನಡೆಯುತ್ತಲೇ ಇರುತ್ತದೆ. ಜೀವರಕ್ಷಕರಿಲ್ಲದ ತೀರಕ್ಕೆ ಇಳಿಯಲೇಬಾರದು. ಸಂಜೆಯ ಹೊತ್ತು ನೀರಿನ ಅಂಚಿಗೆ ಬಿಡಬಾರದು. ಸ್ಥಳೀಯ ಮೀನುಗಾರರು ಬೇಡವೆಂದರೆ ಮರುಮಾತಿಲ್ಲದೆ ಹಿಂದಿರುಗಬೇಕು. ನಿದ್ರೆಗೆಟ್ಟ ಅಧ್ಯಾಪಕರು ಕಾವಲಿಗೆ ಸಲ್ಲರು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದವರಿಂದ ಜಾಗರೂಕತೆಯನ್ನು ನಿರೀಕ್ಷಿಸುವುದೇ ಮೊದಲ ತಪ್ಪು.

ಆದ್ದರಿಂದ ರಾತ್ರಿಯ ಪ್ರಯಾಣ ನಿಲ್ಲಬೇಕು. ಮೊದಲ ದಿನ ಹಗಲಿನಲ್ಲಿ ಹೊರಟು, ಇಕ್ಕೇರಿಯ ಅಘೋರೇಶ್ವರನ ಗುಡಿಯನ್ನು ನೋಡಿ ಸಾಗರದಲ್ಲಿ ತಂಗಿದರೆ ಮರುದಿನದ ಹಗಲು ಪೂರ್ತಿ ಹೊನ್ನಾವರಕ್ಕೆ ದಕ್ಕುತ್ತದೆ. ಮೂರನೆಯ ದಿನ ಬೆಳಕಿನಲ್ಲಿಯೇ ಊರು ಸೇರಬಹುದು. ತಂಗುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಈ ಸಂಚಿಕೆಯ ಓದುಗರಲ್ಲಿಯೇ ಇದೆ. ಶಾಲೆಯ ಹಳೆಯ ವಿದ್ಯಾರ್ಥಿಗಳು ಶಿವಮೊಗ್ಗ, ಸಾಗರಗಳಲ್ಲಿ ನೌಕರಿಯಲ್ಲಿದ್ದಾರೆ, ವ್ಯಾಪಾರದಲ್ಲಿದ್ದಾರೆ. ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಓದಿ ಮುಂದೆ ಬಂದವರಿಗೆ ಚಾಪೆ ಹಾಸಿ ಐವತ್ತು ಮಕ್ಕಳನ್ನು ಒಂದಿರುಳು ಮಲಗಿಸುವ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಿಲ್ಲ.

ಮೂರು ದಿನವೆಂದರೆ ಖರ್ಚು ಹೆಚ್ಚುತ್ತದೆ ಎಂಬ ಆಕ್ಷೇಪ ಬರುತ್ತದೆ, ಬರಬೇಕಾದುದೇ. ಇಂದಿನ ಒಂದು ದಿನದ ಖರ್ಚನ್ನೂ ಕೊಡಲಾರದ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇದ್ದಾರೆ. ಅವರು ಹಣವಿಲ್ಲವೆಂದು ಹೇಳುವುದಿಲ್ಲ. ಅಜ್ಜಿಗೆ ಕಾಯಿಲೆ, ಮಾವನ ಮನೆಯಲ್ಲಿ ದೇವರಕಾರ್ಯ, ಬಸ್ಸು ಹತ್ತಿದರೆ ತಲೆಸುತ್ತು ಎಂದು ಏನಾದರೊಂದು ಹೇಳಿ, ಸಹಿಯಿಲ್ಲದ ಒಪ್ಪಿಗೆ ಪತ್ರವನ್ನು ಪುಸ್ತಕದ ನಡುವೆ ಮಡಿಸಿಟ್ಟುಕೊಳ್ಳುತ್ತಾರೆ. ಪ್ರವಾಸದ ದಿನ ಅವರಿಗೆ ಶಾಲೆಯಲ್ಲಿ ಪಾಠವೂ ಇರುವುದಿಲ್ಲ, ರಜೆಯೂ ಇರುವುದಿಲ್ಲ. ಮೈದಾನದ ಬೇವಿನ ಮರದ ಕೆಳಗೆ ಕುಳಿತಿರುತ್ತಾರೆ. ದಾನಿಗಳು ಶಾಲೆಗೆ ಕೊಡುವ ಫ್ಯಾನು, ಗಡಿಯಾರ, ಕಬ್ಬಿಣದ ಬೀರುಗಳ ಮೇಲೆ ಅವರ ಹೆಸರು ಬರೆಸುವುದು ವಾಡಿಕೆ, ಅದು ನ್ಯಾಯವೂ ಹೌದು. ಒಂದು ಮಗುವಿನ ಬಸ್ಸಿನ ಸೀಟಿನ ಮೇಲೆ ಹೆಸರು ಬರೆಸಲು ಬರುವುದಿಲ್ಲ. ಆ ಕಾರಣಕ್ಕೇ ಅದು ಯಾರ ದೇಣಿಗೆಯ ಪಟ್ಟಿಯಲ್ಲಿಯೂ ಇದುವರೆಗೆ ಕಾಣಿಸಿಕೊಂಡಿಲ್ಲವೇನೋ. ಸಹಿಯಿಲ್ಲದೆ ಉಳಿದ ಪತ್ರಗಳನ್ನು ತರಗತಿಯ ಅಧ್ಯಾಪಕರು ಸದ್ದಿಲ್ಲದೆ ಲೆಕ್ಕಹಾಕಿ, ಬಸ್ಸಿಗೆ ಮುಂಗಡ ಕೊಡುವ ಮೊದಲೇ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಇಡಬೇಕು.